ಮಳೆಗಾಲ ಕಳೆದ ಮೇಲೆ ಕ್ಯಾರವಾನಿನ ವಿದ್ಯುತ್ ಮೆಟ್ಟಿಲು ಅರ್ಧಕ್ಕೇ ನಿಲ್ಲುತ್ತಿದೆ, ಬೆಂಗಳೂರಿನಲ್ಲಿ ರಿಪೇರಿ ಸಾಧ್ಯವೇ?

ಬನಶಂಕರಿ ಪಯಣಿಗ

ಎಲ್ಲರಿಗೂ ನಮಸ್ಕಾರ. ನಮ್ಮದು ಟೆಂಪೊ ಟ್ರಾವೆಲರ್ ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ) ಮೇಲೆ ಕಟ್ಟಿಸಿದ ಕ್ಯಾರವಾನ್, ಒಳಗೇ ತಂಗಬಹುದಾದ ಗಾಡಿ. ಎಡಬದಿಯ ಬಾಗಿಲು ತೆರೆದರೆ ಮೆಟ್ಟಿಲು ತಾನಾಗಿ ಹೊರಗೆ ಬರುತ್ತದೆ, ಮುಚ್ಚಿದರೆ ಗಾಡಿಯ ಅಡಿಗೆ ಸರಿಯುತ್ತದೆ. ಮೆಟ್ಟಿಲಿನ ಸೆಟ್ ಹೊರದೇಶದ್ದು, 12 ವೋಲ್ಟಿನದು. ಮಳೆಗಾಲದಲ್ಲಿ ಗಾಡಿ ಬಯಲಿನಲ್ಲೇ ನಿಂತಿತ್ತು. ಈಗ ಬಾಗಿಲು ತೆರೆದರೆ ಮೆಟ್ಟಿಲು ಮುಲುಗುತ್ತಾ ಅರ್ಧ ದಾರಿಗೆ ಬಂದು ನಿಂತುಬಿಡುತ್ತದೆ. ಕೈಯಿಂದ ಸ್ವಲ್ಪ ಎಳೆದುಕೊಟ್ಟರೆ ಉಳಿದರ್ಧವೂ ಬರುತ್ತದೆ. ಒಳಗೆ ಹೋಗುವಾಗಲೂ ಹೀಗೆಯೇ. ಎಂಜಿನ್ ಚಾಲೂ ಇದ್ದರೆ ಮಾತ್ರ ತುಸು ಚುರುಕು.

ತೋರಿಸಿದ ಗ್ಯಾರೇಜಿನಲ್ಲಿ, ಮೋಟಾರ್ ಹೋಗಿದೆ, ಇಡೀ ಸೆಟ್ ಹೊರಗಿನಿಂದ ತರಿಸಿ ಹಾಕಬೇಕು ಎಂದರು. ವೋಲ್ಟೇಜ್ ಅಳೆಯುವ ಮೀಟರ್ ಹಚ್ಚಿ ನೋಡಲಿಲ್ಲ, ಅಡಿಗೆ ಬಗ್ಗಿಯೂ ನೋಡಲಿಲ್ಲ. ನನ್ನ ತಾಯಿಗೆ ಮೊಣಕಾಲು ನೋವು. ಅವರಿಗಾಗಿಯೇ ಈ ಮೆಟ್ಟಿಲು ಹಾಕಿಸಿದ್ದು. ಅದಿಲ್ಲದೆ ಅವರು ಗಾಡಿ ಹತ್ತುವುದೇ ಆಗುವುದಿಲ್ಲ. ಇಷ್ಟು ದೊಡ್ಡ ಖರ್ಚಿಗೆ ಇಳಿಯುವ ಮುನ್ನ ಬಲ್ಲವರ ಮಾತು ಕೇಳಬೇಕೆನಿಸಿತು.

ತಂತಿ ಮತ್ತು ಫ್ಯೂಸ್

ಪಯಣಿಗರೇ, ನಿಮ್ಮ ಬರಹದಲ್ಲೇ ಅರ್ಧ ಉತ್ತರವಿದೆ. ಎಂಜಿನ್ ಚಾಲೂ ಇದ್ದಾಗ ಮೆಟ್ಟಿಲು ಚುರುಕಾಗುತ್ತದೆ ಎಂದಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ಇರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅದನ್ನು 14ರ ಆಸುಪಾಸಿಗೆ ಏರಿಸುತ್ತದೆ. ಆ ಹೆಚ್ಚುವರಿ ಒಂದೂವರೆ ವೋಲ್ಟ್ ಸಿಕ್ಕಿದ ಕೂಡಲೇ ಚುರುಕಾಗುವ ಮೋಟಾರ್ ಸತ್ತಿಲ್ಲ, ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲ ಅಷ್ಟೆ.

ಇಂಥ ದೂರುಗಳಲ್ಲಿ ನಾನು ಮೊದಲು ನೋಡುವುದು ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ನೆಗೆಟಿವ್ ದಾರಿ. ಬಾಡಿ ಕಟ್ಟುವವರು ಮೋಟಾರಿನ ನೆಗೆಟಿವ್ ತಂತಿಯನ್ನು ಹತ್ತಿರದ ಚಾಸಿ ಬೋಲ್ಟಿಗೆ ಬಿಗಿದು ಕೈತೊಳೆದುಕೊಳ್ಳುತ್ತಾರೆ. ಆ ಬೋಲ್ಟ್ ಇರುವುದು ಹಿಂದಿನ ಚಕ್ರ ಕೆಸರು ಎರಚುವ ಜಾಗದಲ್ಲಿ. ಒಂದು ಮಳೆಗಾಲ ಸಾಕು, ಬಣ್ಣದಡಿ ತುಕ್ಕು ಹಬ್ಬುತ್ತದೆ. ಮೆಟ್ಟಿಲು ನಿಂತಿರುವಾಗ ಮೀಟರ್ ಹಿಡಿದರೆ 12.5 ತೋರಿಸುತ್ತದೆ, ಏಕೆಂದರೆ ಆಗ ಕರೆಂಟ್ ಹರಿಯುತ್ತಿರುವುದಿಲ್ಲ. ನೋಡಿದವರು ವೋಲ್ಟೇಜ್ ಸರಿಯಿದೆ, ಮೋಟಾರ್ ಹೋಗಿದೆ ಎಂದು ತೀರ್ಪು ಕೊಡುತ್ತಾರೆ. ಪರೀಕ್ಷೆಯನ್ನು ಮೆಟ್ಟಿಲು ಚಲಿಸುವಾಗಲೇ ಮಾಡಬೇಕು.

ಹೀಗೆ ಮಾಡಿ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಉದ್ದ ತಂತಿಯಿಂದ ಜೋಡಿಸಿ. ಕೆಂಪು ಕಡ್ಡಿಯನ್ನು ಮೆಟ್ಟಿಲಿನ ಘಟಕಕ್ಕೆ ಬರುವ ನೆಗೆಟಿವ್ ತಂತಿಯ ತುದಿಗೆ ಹಿಡಿಯಿರಿ. ಮನೆಯವರೊಬ್ಬರು ಬಾಗಿಲು ತೆರೆಯಲಿ. ಮೆಟ್ಟಿಲು ಚಲಿಸುವ ಆ ಕ್ಷಣಗಳಲ್ಲಿ ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. ಕಾಲು ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ ಎಂದು ತಿಳಿಯಿರಿ. ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ: ಬ್ಯಾಟರಿಯ ಪಾಸಿಟಿವ್ ಕಂಬ ಮತ್ತು ಘಟಕದ ಪಾಸಿಟಿವ್ ತಂತಿಯ ನಡುವೆ.

ತಂತಿಯ ದಪ್ಪವನ್ನೂ ನೋಡಿ. ಬ್ಯಾಟರಿಯಿಂದ ಮೆಟ್ಟಿಲಿಗೆ 5 ಮೀಟರ್ ಇದ್ದರೆ ಹೋಗಿ ಬರುವ ದಾರಿ 10 ಮೀಟರ್. ಮೋಟಾರ್ ತಿಣುಕುವಾಗ 20 ಆಂಪಿಯರ್ ಎಳೆಯಿತು ಎನ್ನಿ. ಮನೆಯ ವೈರಿಂಗಿನಲ್ಲಿ ಬಳಸುವ 1.5 ಚದರ ಮಿಲಿಮೀಟರ್ ತಂತಿ ಹಾಕಿದ್ದರೆ ದಾರಿಯಲ್ಲೇ ಸುಮಾರು ಎರಡೂವರೆ ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿಲಿಮೀಟರ್ ಆದರೆ ಕಳೆಯುವುದು ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು. ತಂತಿಗೆ ಉಳಿಸಿದ ಹಣವನ್ನು ಮೋಟಾರಿಗೆ ಸುರಿಯುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೆದ್ದಾರಿ ಹಕ್ಕಿ

ಇಷ್ಟೆಲ್ಲ ತಾಪತ್ರಯ ಏಕೆ? ಜೆ.ಸಿ. ರಸ್ತೆಯಲ್ಲಿ ಬಸ್ಸಿನ ವೈಪರ್ ಮೋಟಾರ್ ಸಿಗುತ್ತದೆ. ಅದಕ್ಕೊಂದು ಬ್ರಾಕೆಟ್ ಮಾಡಿಸಿ ಕೂರಿಸಿದರೆ ಆಯಿತು. ಇಲ್ಲವೇ ಕೈಯಲ್ಲಿ ಮಡಚುವ ಕಬ್ಬಿಣದ ಮೆಟ್ಟಿಲು ಹಾಕಿಸಿ. ವಿದ್ಯುತ್ತಿನ ತಂಟೆಯೇ ಇರುವುದಿಲ್ಲ.

ಪೀಣ್ಯ ಲೇತ್

ಹಕ್ಕಿಯವರ ಎರಡನೆಯ ಸಲಹೆ ಮರ್ಯಾದೆಯ ಸಲಹೆ, ಮಡಚುವ ಮೆಟ್ಟಿಲಿಗೆ ತನ್ನದೇ ಜಾಗವಿದೆ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಬಸ್ಸಿನ ವೈಪರ್ ಮೋಟಾರ್ ಬಹುಪಾಲು 24 ವೋಲ್ಟಿನದು. 12 ವೋಲ್ಟಿನ ಗಾಡಿಗೆ ಹಾಕಿದರೆ ಅರೆಜೀವದಲ್ಲಿ ತಿರುಗುತ್ತದೆ. 12 ವೋಲ್ಟಿನದನ್ನೇ ಹುಡುಕಿ ತಂದರೂ ಅದು ಗಾಜಿನ ಕೆಳಗೆ, ಮುಚ್ಚಿದ ಜಾಗದಲ್ಲಿ ಇರಲೆಂದು ಮಾಡಿದ ಮೋಟಾರ್. ಕೆಸರು ಎರಚುವ ಕಡೆ ನೇತುಹಾಕಿದರೆ ನೀರು ಒಳಹೊಗುತ್ತದೆ. ಇನ್ನೂ ದೊಡ್ಡ ತೊಂದರೆ ಎಂದರೆ ನಿಲ್ಲಿಸುವ ವ್ಯವಸ್ಥೆ. ಮೆಟ್ಟಿಲಿನ ಅಸಲಿ ಕಂಟ್ರೋಲ್ ಪೆಟ್ಟಿಗೆ ತನ್ನ ಮೋಟಾರಿನ ಕರೆಂಟನ್ನು ಅಳೆದು ನಿಲ್ಲಿಸಲು ಹೊಂದಿಸಿದ್ದು. ಬೇರೆ ಮೋಟಾರ್ ಬಂದರೆ ಆ ಲೆಕ್ಕ ತಪ್ಪುತ್ತದೆ. ಮಗುವಿನ ಕಾಲು ಸಿಕ್ಕಿಕೊಂಡಾಗಲೂ ಅದು ಒತ್ತುತ್ತಲೇ ಇದ್ದರೆ ಏನು ಗತಿ?

ಪಯಣಿಗರೇ, ತಂತಿಯವರು ಹೇಳಿದ್ದು ಪೂರ್ತಿ ಸರಿ. ಆದರೆ ಮೊದಲು ಕೈಯಿಂದ ಪರೀಕ್ಷಿಸಬೇಕಾದ ಒಂದು ವಿಷಯವಿದೆ. ಮೆಟ್ಟಿಲಿನ ಫ್ಯೂಸ್ ತೆಗೆಯಿರಿ, ಇದನ್ನು ಮರೆಯಲೇಬೇಡಿ. ಮೆಟ್ಟಿಲನ್ನು ಆಡಿಸುವ ಲಿಂಕುಗಳ (ಕಬ್ಬಿಣದ ತೋಳುಗಳ) ನಡುವೆ ಬೆರಳಿರುವಾಗ ಯಾರಾದರೂ ಬಾಗಿಲು ಮುಟ್ಟಿದರೆ ಬೆರಳು ಉಳಿಯುವುದಿಲ್ಲ. ಗಾಡಿಯನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ಅಡಿಗೆ ಹೋಗುವುದೂ ಬೇಡ, ಸ್ಟ್ಯಾಂಡ್ ಕೊಡಿ. ಆಮೇಲೆ ಮೋಟಾರಿನ ಗೇರಿನಿಂದ ಮೆಟ್ಟಿಲಿಗೆ ಹೋಗುವ ಲಿಂಕಿನ ಪಿನ್ ಬಿಚ್ಚಿ, ಮೆಟ್ಟಿಲನ್ನು ಕೈಯಲ್ಲಿ ಒಳಗೆ ಹೊರಗೆ ಆಡಿಸಿ. ಒಂದು ಕೈಯಲ್ಲಿ ಸಲೀಸಾಗಿ ಆಡಬೇಕು. ಎಲ್ಲಾದರೂ ತಡೆದರೆ, ಅರ್ಧ ದಾರಿಯಲ್ಲಿ ಬಿಗಿಯಾದರೆ, ದೋಷ ಕಬ್ಬಿಣದಲ್ಲಿದೆ.

ಸಾಮಾನ್ಯವಾಗಿ ಕೆಡುವುದು ಕೀಲುಗಳ ಪಿನ್ ಮತ್ತು ಅದು ತಿರುಗುವ ಕೊಳವೆಯಂಥ ಬುಷ್. ನಮ್ಮ ಕಡೆಯ ಕೆಂಪು ಮಣ್ಣು ಒಣಗಿದಾಗ ನುಣ್ಣನೆಯ ಧೂಳು, ನೆನೆದಾಗ ಅಂಟು. ಅದು ಕೀಲಿನೊಳಗೆ ಕೂತ ಮೇಲೆ ಹೊರಗೆ ಬರುವುದಿಲ್ಲ. ಅದರ ಮೇಲೆ ಗ್ರೀಸ್ ಮೆತ್ತುವವರಿದ್ದಾರೆ. ತೆರೆದ ಕೀಲಿಗೆ ದಪ್ಪ ಗ್ರೀಸ್ ಹಚ್ಚಿದರೆ ಧೂಳು ಅದಕ್ಕೆ ಅಂಟಿ ಒರಳುಕಲ್ಲಿನಂತೆ ಪಿನ್ನನ್ನು ಅರೆಯುತ್ತದೆ. ಮೊದಲು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಮರುದಿನ ಮೆಟ್ಟಿಲನ್ನು ಆಡಿಸಿ ಆಡಿಸಿ ಕೊಳೆ ಹೊರತೆಗೆದು ಬಟ್ಟೆಯಿಂದ ಒರೆಸಿ. ತುಕ್ಕು ಬಿಡಿಸುವ ಎಣ್ಣೆಯನ್ನೇ ಕೀಲಿನ ಎಣ್ಣೆ ಎಂದುಕೊಳ್ಳಬೇಡಿ, ಅದು ಬೇಗ ಆರಿಹೋಗುತ್ತದೆ. ಸಿಲಿಕೋನ್ ಅಥವಾ ಟೆಫ್ಲಾನ್ ಇರುವ, ಒಣಗಿ ಪದರವಾಗುವ ಸ್ಪ್ರೇ ಕೊನೆಗೆ ಹೊಡೆಯಿರಿ. ಗ್ರೀಸ್ ಇರಬೇಕಾದದ್ದು ಮುಚ್ಚಿದ ಗೇರ್ ಪೆಟ್ಟಿಗೆಯೊಳಗೆ.

ಪಿನ್ ಸವೆದು ಮೆಟ್ಟಿಲು ಅಲ್ಲಾಡುತ್ತಿದ್ದರೆ ಸೆಟ್ ಬದಲಾಯಿಸುವ ಅಗತ್ಯವಿಲ್ಲ. ಪೀಣ್ಯದ ಯಾವ ಸಣ್ಣ ಲೇತ್ ಅಂಗಡಿಯಲ್ಲಾದರೂ ಹಳೆಯ ಪಿನ್ ಕೊಟ್ಟರೆ ಹೊಸದನ್ನು ಕಡೆದುಕೊಡುತ್ತಾರೆ. ರಂಧ್ರ ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿದ್ದರೆ ಅದನ್ನು ದುಂಡಗೆ ಬೋರ್ ಮಾಡಿಸಿ ತಾಮ್ರದ ಮಿಶ್ರಲೋಹವಾದ ಗನ್‌ಮೆಟಲ್ ಬುಷ್ ಕೂರಿಸಬೇಕು. ಪಿನ್ ಮಾತ್ರ ದಪ್ಪ ಮಾಡಿಸಿ ಮುಗಿಸಬೇಡಿ. ಬುಷ್ ಮೆತ್ತಗಿರಬೇಕು, ಪಿನ್ ಗಟ್ಟಿಯಿರಬೇಕು. ಆಗ ಸವೆಯುವುದು ಬುಷ್, ಅದನ್ನು ಬದಲಾಯಿಸುವುದು ಸುಲಭ.

ಯಲಹಂಕದ ಗೃಹಿಣಿ

ನಮಸ್ಕಾರ. ನಮ್ಮ ಗಾಡಿಯಲ್ಲಿ ಬೇರೆಯೇ ತೊಂದರೆ ಇತ್ತು, ಓದುವವರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. ಬಾಗಿಲು ತೆರೆದರೂ ಮೆಟ್ಟಿಲು ಅಲುಗುತ್ತಿರಲಿಲ್ಲ. ಬಾಗಿಲನ್ನು ಜೋರಾಗಿ ಬಡಿದು ಮತ್ತೆ ತೆರೆದರೆ ಬರುತ್ತಿತ್ತು. ಫ್ಯೂಸ್ ಸರಿಯಿತ್ತು, ಮೋಟಾರ್ ಸರಿಯಿತ್ತು. ಬಾಗಿಲಿನಲ್ಲಿ ಒಂದು ಆಯಸ್ಕಾಂತ, ಚೌಕಟ್ಟಿನಲ್ಲಿ ಅದಕ್ಕೆ ಎದುರಾಗಿ ಒಂದು ಸಣ್ಣ ಸ್ವಿಚ್ ಇರುತ್ತದೆ. ನಮ್ಮ ಬಾಗಿಲಿನ ಕೀಲು ಇಳಿದು ಆಯಸ್ಕಾಂತ ಸ್ವಿಚ್ಚಿನಿಂದ ದೂರ ಸರಿದಿತ್ತು. ಬಾಗಿಲು ಮುಚ್ಚಿದೆ ಎಂಬುದೇ ಪೆಟ್ಟಿಗೆಗೆ ತಿಳಿಯುತ್ತಿರಲಿಲ್ಲ. ಕೀಲು ಎತ್ತಿ ಕೂರಿಸಿದ ಮೇಲೆ ಸರಿಹೋಯಿತು. ಪರೀಕ್ಷೆ ಸುಲಭ: ಬಾಗಿಲು ತೆರೆದಿರುವಾಗಲೇ ಬೇರೊಂದು ಆಯಸ್ಕಾಂತವನ್ನು ಚೌಕಟ್ಟಿನ ಸ್ವಿಚ್ಚಿಗೆ ಹಿಡಿದರೆ ಮೆಟ್ಟಿಲು ಒಳಗೆ ಹೋಗಬೇಕು, ತೆಗೆದರೆ ಹೊರಗೆ ಬರಬೇಕು.

ತಂತಿ ಮತ್ತು ಫ್ಯೂಸ್

ಬಹಳ ಒಳ್ಳೆಯ ಸೂಚನೆ, ಮೇಡಂ. ಆ ಸ್ವಿಚ್ಚಿನ ಹೆಸರು ರೀಡ್ ಸ್ವಿಚ್. ಗಾಜಿನ ಪುಟ್ಟ ಕೊಳವೆಯೊಳಗೆ ಎರಡು ತೆಳು ಲೋಹದ ಎಸಳುಗಳು, ಆಯಸ್ಕಾಂತ ಹತ್ತಿರ ಬಂದರೆ ಒಂದಕ್ಕೊಂದು ತಾಗುತ್ತವೆ. 1936ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಾಲ್ಟರ್ ಎಲ್‌ವುಡ್ ಇದನ್ನು ರೂಪಿಸಿದರು, ಇವತ್ತಿಗೂ ಬದಲಾಗದೆ ನಡೆದಿದೆ. ಎಸ್.ಪಿ. ರಸ್ತೆಯಲ್ಲಿ ಬಾಗಿಲಿನ ಅಲಾರಮ್ಮಿಗೆ ಬಳಸುವ ಜೋಡಿ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ಎಚ್ಚರಿಕೆ: ಇದು ಸಂಕೇತ ಕೊಡುವ ಸ್ವಿಚ್, ಮೋಟಾರಿನ ಕರೆಂಟ್ ಹೊರುವುದಲ್ಲ. ಮೋಟಾರಿಗೆ ನೇರವಾಗಿ ಜೋಡಿಸಿದರೆ ಎಸಳುಗಳು ಬೆಸೆದುಕೊಂಡು ಶಾಶ್ವತವಾಗಿ ಅಂಟಿಬಿಡುತ್ತವೆ.

ಬನಶಂಕರಿ ಪಯಣಿಗ

ತಾವೆಲ್ಲ ಇಷ್ಟು ಆಸ್ಥೆಯಿಂದ ಬರೆದದ್ದಕ್ಕೆ ಕೃತಜ್ಞ. ಹೇಳಿದಂತೆ ಪರೀಕ್ಷಿಸಿದೆ. ಪಾಸಿಟಿವ್ ಕಡೆ ನಷ್ಟ ಅರ್ಧ ವೋಲ್ಟ್. ಅರ್ತ್ ಕಡೆ ಮೆಟ್ಟಿಲು ಚಲಿಸುವಾಗ 2.1 ವೋಲ್ಟ್! ನಿಂತ ಕೂಡಲೇ ಸೊನ್ನೆ. ಲಿಂಕ್ ಬಿಚ್ಚಿ ಆಡಿಸಿದರೆ ಸರಿಯಾಗಿ ಅರ್ಧ ದಾರಿಯಲ್ಲಿ ಬಿಗಿಯಾಗುತ್ತದೆ. ಹಿಂಬದಿಯ ಒಂದು ಕೀಲು ತುಕ್ಕಿನಿಂದ ಕಂದು ಬಣ್ಣಕ್ಕೆ ತಿರುಗಿದೆ. ಮೋಟಾರನ್ನು ಬಿಡಿಯಾಗಿ ಬ್ಯಾಟರಿಗೆ ಹಚ್ಚಿದರೆ ಸೊಗಸಾಗಿ ತಿರುಗುತ್ತದೆ.

ಒಂದು ಸಂದೇಹ. ಅರ್ಧಕ್ಕೆ ನಿಂತಾಗ ಮೋಟಾರ್ ಸದ್ದೂ ನಿಲ್ಲುತ್ತದಲ್ಲ, ಅದು ಏಕೆ? ಶಕ್ತಿ ಸಾಲದಿದ್ದರೆ ಗುಂಯ್‌ಗುಡುತ್ತಲೇ ಇರಬೇಕಿತ್ತಲ್ಲವೇ?

ತಂತಿ ಮತ್ತು ಫ್ಯೂಸ್

ಒಳ್ಳೆಯ ಪ್ರಶ್ನೆ. ಇಡೀ ದೋಷದ ಬೇರು ಇಲ್ಲಿದೆ. ಇಂಥ ಬಹಳಷ್ಟು ಸೆಟ್‌ಗಳಲ್ಲಿ ಕೊನೆ ಮುಟ್ಟಿದೆ ಎಂದು ಹೇಳಲು ಬೇರೆ ಸ್ವಿಚ್ ಇರುವುದಿಲ್ಲ. ಮೆಟ್ಟಿಲು ಕೊನೆಯ ತಡೆಗೆ ತಾಗಿದಾಗ ಮೋಟಾರ್ ತಿರುಗಲಾರದೆ ಕರೆಂಟ್ ಥಟ್ಟನೆ ಏರುತ್ತದೆ. ಪೆಟ್ಟಿಗೆ ಆ ಏರಿಕೆಯನ್ನು ಕಂಡು ಕೆಲಸ ಮುಗಿಯಿತು ಎಂದು ವಿದ್ಯುತ್ ಕಡಿಯುತ್ತದೆ. ನಿಮ್ಮ ತುಕ್ಕು ಹಿಡಿದ ಕೀಲಿನಲ್ಲಿ ಮೋಟಾರ್ ತಿಣುಕಿದಾಗಲೂ ಕರೆಂಟ್ ಹಾಗೆಯೇ ಏರುತ್ತದೆ. ಪೆಟ್ಟಿಗೆಯ ಮಟ್ಟಿಗೆ ಎರಡೂ ಒಂದೇ. ಅದು ಪ್ರಾಮಾಣಿಕವಾಗಿ ತನ್ನ ಕೆಲಸ ಮಾಡಿ ನಿಲ್ಲುತ್ತದೆ. ಅರ್ತ್ ಕೆಟ್ಟು ವೋಲ್ಟೇಜ್ ಕುಸಿದಿದ್ದರಿಂದ ಆ ಬಿಗಿ ಜಾಗವನ್ನು ವೇಗದಲ್ಲಿ ದಾಟುವ ಕಸುವೂ ಮೋಟಾರಿಗೆ ಇರಲಿಲ್ಲ. ಎರಡು ಸಣ್ಣ ದೋಷಗಳು ಕೂಡಿ ಒಂದು ದೊಡ್ಡ ಬಿಲ್ಲಿನ ವೇಷ ತೊಟ್ಟಿವೆ.

ಅರ್ತ್ ಸರಿಪಡಿಸುವಾಗ ಚಾಸಿ ಬೋಲ್ಟನ್ನೇ ಉಜ್ಜಿ ಮತ್ತೆ ಬಿಗಿಯಬೇಡಿ. ಘಟಕದಿಂದ ಬ್ಯಾಟರಿಯ ನೆಗೆಟಿವ್ ಕಂಬದವರೆಗೆ 6 ಚದರ ಮಿಲಿಮೀಟರಿನ ಕಪ್ಪು ತಂತಿ ನೇರವಾಗಿ ಎಳೆಯಿರಿ. ತುದಿಗಳಿಗೆ ತಾಮ್ರದ ಲಗ್ (ಬೋಲ್ಟಿಗೆ ಕೂರುವ ಉಂಗುರ) ಹಾಕಿ, ಒತ್ತಿ ಕ್ರಿಂಪ್ ಮಾಡಿಸಿ, ಮೇಲೆ ಬಿಸಿಗೆ ಕುಗ್ಗುವ ತೋಳು ಏರಿಸಿ. ಬರೀ ಕಪ್ಪು ಟೇಪು ಸುತ್ತಿದರೆ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಅದರೊಳಗೆ ನೀರು ತುಂಬಿಸಿಡುತ್ತದೆ. ಪಾಸಿಟಿವ್ ತಂತಿಯ ಫ್ಯೂಸ್ ಬ್ಯಾಟರಿಯ ಹತ್ತಿರ ಇರಬೇಕು, ಮೆಟ್ಟಿಲಿನ ಹತ್ತಿರ ಅಲ್ಲ. ದಾರಿಯಲ್ಲಿ ತಂತಿ ಉಜ್ಜಿ ಚಾಸಿಗೆ ತಾಗಿದರೆ ಕಾಪಾಡುವುದು ಅದೊಂದೇ. ಫ್ಯೂಸಿನ ಅಳತೆ ತಯಾರಕರು ಹೇಳಿದಷ್ಟೇ ಇರಲಿ. ಸುಟ್ಟಿತೆಂದು ದೊಡ್ಡದು ಹಾಕಿದರೆ ಮುಂದೆ ಸುಡುವುದು ತಂತಿ.

ಮಲ್ಲೇಶ್ವರದ ಸವಾರ

ನನ್ನ ಬಳಿ ಕ್ಯಾರವಾನ್ ಇಲ್ಲ. ಈ ನಗರದಲ್ಲಿ ದ್ವಿಚಕ್ರ ವಾಹನ ಓಡಿಸುವವನು. ಆದರೂ ಒಂದು ಮಾತು ಹೇಳಲೇಬೇಕು. ಮೆಟ್ಟಿಲು ಹೊರಗೆ ಚಾಚಿಕೊಂಡೇ ಗಾಡಿ ಹೊರಟರೆ ಅದು ಎಡಬದಿಯಲ್ಲಿ ನಮ್ಮ ಮೊಣಕಾಲಿನ ಕೆಳಗಿನ ಎತ್ತರಕ್ಕೆ ಬರುತ್ತದೆ. ಎಡದಿಂದ ಮುಂದೆ ಹೋಗಬಾರದು ನಿಜ. ಸಿಗ್ನಲಿನಲ್ಲಿ, ಬಸ್ ನಿಲ್ದಾಣದ ಬಳಿ ನಾವೆಲ್ಲ ನಿಲ್ಲುವುದು ಎಡಗಡೆಯೇ. ಪಾದಚಾರಿಗಳು ನಡೆಯುವುದೂ ಅಲ್ಲಿಯೇ. ಹೊತ್ತು ಮುಳುಗಿದ ಮೇಲೆ ಆ ಕಬ್ಬಿಣದ ಅಂಚು ಕಾಣುವುದೇ ಇಲ್ಲ. ಪಯಣಿಗರ ಮೆಟ್ಟಿಲು ಅರ್ಧಕ್ಕೆ ನಿಲ್ಲುತ್ತದೆ ಎಂದು ಓದಿದಾಗ ನನಗೆ ಮೊದಲು ಹೊಳೆದದ್ದು, ಒಳಗೆ ಹೋಗುವಾಗ ಅರ್ಧಕ್ಕೆ ನಿಂತರೆ ಚಾಲಕನಿಗೆ ಹೇಗೆ ಗೊತ್ತಾಗುತ್ತದೆ ಎಂಬುದು.

ತಂತಿ ಮತ್ತು ಫ್ಯೂಸ್

ಸವಾರರೇ, ಈ ಚರ್ಚೆಗೆ ಬೇಕಾಗಿದ್ದ ಮಾತು ಇದೇ. ಹೊರಬರದ ಮೆಟ್ಟಿಲು ಮನೆಯವರಿಗೆ ತೊಂದರೆ, ಒಳಹೋಗದ ಮೆಟ್ಟಿಲು ರಸ್ತೆಯವರಿಗೆ ಅಪಾಯ. ಎರಡನೆಯದಕ್ಕೆ ರಿಪೇರಿಯಲ್ಲಿ ಮೊದಲ ಸ್ಥಾನ ಕೊಡಬೇಕು.

ಅಸಲಿ ಸೆಟ್‌ಗಳಲ್ಲಿ ಇದಕ್ಕೆ ವ್ಯವಸ್ಥೆ ಇರುತ್ತದೆ. ಬಿಡಾರ ಹೂಡಿದಾಗ ಮೆಟ್ಟಿಲು ಹೊರಗೇ ಇರಲೆಂದು ಒಳಗಿನ ಸ್ವಿಚ್ ಆರಿಸಿಡುತ್ತೇವೆ. ಆಗ ಬಾಗಿಲು ಮುಚ್ಚಿದರೂ ಮೆಟ್ಟಿಲು ಅಲ್ಲೇ ಇರುತ್ತದೆ. ಬಾಗಿಲು ಮುಚ್ಚಿ ಚಾಲಕ ಇಗ್ನಿಷನ್ ತಿರುಗಿಸಿದ ಕೂಡಲೇ, ಸ್ವಿಚ್ ಆರಿದ್ದರೂ ಲೆಕ್ಕಿಸದೆ, ಪೆಟ್ಟಿಗೆ ಮೆಟ್ಟಿಲನ್ನು ಒಳಗೆ ಎಳೆಯುತ್ತದೆ. ಇದಕ್ಕೆ ಇಗ್ನಿಷನ್ನಿನಿಂದ ಪೆಟ್ಟಿಗೆಗೆ ಒಂದು ಸಣ್ಣ ತಂತಿ ಬರಬೇಕು. ಇಲ್ಲಿ ಬಾಡಿ ಕಟ್ಟುವಾಗ ಎಷ್ಟೋ ಕಡೆ ಆ ತಂತಿಯನ್ನು ಜೋಡಿಸುವುದೇ ಇಲ್ಲ, ಸುತ್ತಿ ಒಳಗೆ ತುರುಕಿರುತ್ತಾರೆ. ಮೆಟ್ಟಿಲು ಬಾಗಿಲಿಗೆ ಸರಿಯಾಗಿ ಓಗೊಡುವುದರಿಂದ ಮಾಲೀಕರಿಗೂ ತಿಳಿಯುವುದಿಲ್ಲ. ಕ್ಯಾರವಾನ್ ಇರುವ ಎಲ್ಲರೂ ದಯವಿಟ್ಟು ಇವತ್ತೇ ಪರೀಕ್ಷಿಸಿ: ಮೆಟ್ಟಿಲು ಹೊರಗಿರುವಾಗ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿ, ಇಗ್ನಿಷನ್ ಹಾಕಿ. ಒಳಗೆ ಬರದಿದ್ದರೆ ಆ ತಂತಿಯನ್ನು ಹುಡುಕಿಸಿ.

ಅದರ ಮೇಲೂ ಮೆಟ್ಟಿಲಿನ ಚೌಕಟ್ಟಿನಲ್ಲಿ ಬೇರೊಂದು ಸ್ವಿಚ್ ಕೂರಿಸಿ, ಮೆಟ್ಟಿಲು ಪೂರ್ತಿ ಒಳಗೆ ಬಂದಾಗ ಮಾತ್ರ ಒತ್ತುವಂತೆ ಮಾಡಿ. ಇಗ್ನಿಷನ್ ಇದ್ದು ಅದು ಒತ್ತದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಮತ್ತು ಬಝರ್. ಇದು ಪೆಟ್ಟಿಗೆಯ ಮಾತನ್ನು ನಂಬುವುದಿಲ್ಲ, ಮೆಟ್ಟಿಲನ್ನೇ ನೋಡಿ ಹೇಳುತ್ತದೆ. ಅರ್ಧಕ್ಕೆ ನಿಂತ ಮೆಟ್ಟಿಲನ್ನು ಹಿಡಿಯುವುದು ಇದೊಂದೇ.

ಯಲಹಂಕದ ಗೃಹಿಣಿ

ನಾವು ಮೆಟ್ಟಿಲಿನ ಹೊರ ಅಂಚಿಗೆ ಲಾರಿಗಳಿಗೆ ಹಚ್ಚುವ ಪ್ರತಿಫಲಕ ಪಟ್ಟಿ ಅಂಟಿಸಿದ್ದೇವೆ. ಬಿಡಾರದಲ್ಲಿ ಕತ್ತಲೆಯಲ್ಲಿ ಮಕ್ಕಳು ಎಡವುವುದೂ ತಪ್ಪಿದೆ. ಮೆಟ್ಟಿಲಿನ ಮೇಲೆ ಕಾಲು ಜಾರದ ಒರಟು ಪಟ್ಟಿ ಸವೆದಿದ್ದರೆ ಅದನ್ನೂ ಬದಲಾಯಿಸಿ, ಒದ್ದೆ ಚಪ್ಪಲಿಯಲ್ಲಿ ಹಿರಿಯರು ಜಾರುವುದು ಅಲ್ಲೇ.

ಹೆದ್ದಾರಿ ಹಕ್ಕಿ

ಸರ್, ಕಂಟ್ರೋಲ್ ಪೆಟ್ಟಿಗೆಯೇ ಸುಟ್ಟುಹೋಗಿದ್ದರೆ? ಹೊರದೇಶದಿಂದ ಬರುವವರೆಗೆ ಏನು ಮಾಡುವುದು? ನನ್ನ ಸ್ನೇಹಿತರ ಗಾಡಿ ಹಾಗೆ ನಿಂತಿದೆ.

ತಂತಿ ಮತ್ತು ಫ್ಯೂಸ್

ತಾತ್ಕಾಲಿಕವಾಗಿ ಎರಡು ರಿಲೇಗಳಿಂದ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚುಗಳಿಂದ, ನಡೆಸಬಹುದು. ಕಾರಿಗೆ ಬಳಸುವ ಐದು ಕಾಲಿನ 12 ವೋಲ್ಟ್ ರಿಲೇ ಎರಡು ತನ್ನಿ. ಎರಡರ 87 ಎಂಬ ಕಾಲನ್ನೂ ಫ್ಯೂಸ್ ಮೂಲಕ ಪಾಸಿಟಿವ್‌ಗೆ, 87ಎ ಎಂಬ ಕಾಲನ್ನು ನೆಗೆಟಿವ್‌ಗೆ ಜೋಡಿಸಿ. ಒಂದರ 30 ಮೋಟಾರಿನ ಒಂದು ತಂತಿಗೆ, ಇನ್ನೊಂದರ 30 ಮತ್ತೊಂದು ತಂತಿಗೆ. ಮೊದಲ ರಿಲೇ ಎಳೆದರೆ ಮೋಟಾರ್ ಒಂದು ದಿಕ್ಕಿಗೆ, ಎರಡನೆಯದು ಎಳೆದರೆ ವಿರುದ್ಧ ದಿಕ್ಕಿಗೆ. ಎರಡೂ ಸುಮ್ಮನಿದ್ದಾಗ ಮೋಟಾರಿನ ಎರಡು ತುದಿಯೂ ನೆಗೆಟಿವ್‌ಗೆ ಸೇರಿ ಅದೇ ಬ್ರೇಕಿನ ಕೆಲಸ ಮಾಡುತ್ತದೆ, ಮೆಟ್ಟಿಲು ತೂಗಾಡುವುದಿಲ್ಲ. ಪ್ರತಿ ರಿಲೇಯ ಸುರುಳಿಯ ಕಾಲುಗಳಾದ 85 ಮತ್ತು 86ರ ನಡುವೆ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಅದರ ಪಟ್ಟಿಯಿರುವ ತುದಿ ಪಾಸಿಟಿವ್ ಕಡೆಗಿರಲಿ.

ನಿಯಂತ್ರಣಕ್ಕೆ ಒತ್ತಿ ಹಿಡಿದಾಗ ಮಾತ್ರ ಕೆಲಸ ಮಾಡಿ, ಬಿಟ್ಟ ಕೂಡಲೇ ನಿಲ್ಲುವ ಸ್ವಿಚ್ಚನ್ನೇ ಬಳಸಿ. ಮೆಟ್ಟಿಲು ಕಣ್ಣಿಗೆ ಕಾಣುವ ಜಾಗದಲ್ಲಿ ಅದನ್ನು ಕೂರಿಸಿ. ಇಲ್ಲಿ ಅಡ್ಡಿ ಗುರುತಿಸುವ ಬುದ್ಧಿ ಇರುವುದಿಲ್ಲ, ಆದ್ದರಿಂದ ಬಾಗಿಲಿನ ಸ್ವಿಚ್ಚಿಗೆ ಜೋಡಿಸಿ ತಾನಾಗಿ ನಡೆಯುವಂತೆ ಮಾಡಬೇಡಿ. ಕೆಂಪು ದೀಪ, ಬಝರ್ ಇಲ್ಲಿಯೂ ಇರಲೇಬೇಕು.

ಬನಶಂಕರಿ ಪಯಣಿಗ

ಕೆಲಸ ಮುಗಿಯಿತು. ಕೀಲಿನ ಪಿನ್ ಪೀಣ್ಯದಲ್ಲಿ ಕಡೆಸಿ, ಗನ್‌ಮೆಟಲ್ ಬುಷ್ ಹಾಕಿಸಿದೆ. ಹೊಸ ಅರ್ತ್ ತಂತಿ ನೇರವಾಗಿ ಬ್ಯಾಟರಿಗೆ ಹೋಗಿದೆ. ಈಗ ಮೆಟ್ಟಿಲು ಚಲಿಸುವಾಗ ಆ ಕಡೆಯ ನಷ್ಟ ಕಾಲು ವೋಲ್ಟಿಗಿಂತ ಕಡಿಮೆ. ಎಂಜಿನ್ ಆರಿದ್ದರೂ ಮೆಟ್ಟಿಲು ಒಂದೇ ಓಟಕ್ಕೆ ಹೊರಬಂದು ಗಟ್ಟಿಯಾಗಿ ನಿಲ್ಲುತ್ತದೆ. ಹಳೆಯ ಮೋಟಾರೇ ಇದೆ. ತಂತಿಯವರು ಹೇಳಿದ್ದು ನಿಜವಾಯಿತು: ಇಗ್ನಿಷನ್ ತಂತಿ ಜೋಡಿಸದೆ ಪೆಟ್ಟಿಗೆಯ ಹಿಂದೆ ಸುತ್ತಿಟ್ಟಿದ್ದರು. ಅದನ್ನೂ ಜೋಡಿಸಿ, ಬಝರ್ ಹಾಕಿಸಿದೆ. ಸವಾರರೇ, ಆ ಬಝರ್ ನಿಮ್ಮ ಮಾತಿನಿಂದ ಬಂದದ್ದು.

ಮುಂದಿನ ತಿಂಗಳು ಮಲ್ಪೆಗೆ ಹೋಗುವವರಿದ್ದೇವೆ. ಕಡಲ ಬದಿಯಲ್ಲಿ ಏನು ಜಾಗ್ರತೆ ವಹಿಸಬೇಕು?

ಪೀಣ್ಯ ಲೇತ್

ಮರಳಿನ ಮೇಲೆ ನಿಲ್ಲಿಸುವಾಗ ಮೆಟ್ಟಿಲಿನ ಅಡಿ ಜಾಗ ಬಿಟ್ಟಿದೆಯೇ ನೋಡಿ. ಚಕ್ರ ಹೂತು ಗಾಡಿ ಇಳಿದರೆ ಮೆಟ್ಟಿಲು ನೆಲಕ್ಕೆ ತಾಗಿ ಗಾಡಿಯ ಭಾರವೇ ಅದರ ಮೇಲೆ ಬೀಳುತ್ತದೆ, ಲಿಂಕ್ ಬಾಗಿದರೆ ನೆಟ್ಟಗೆ ಮಾಡುವುದು ಕಷ್ಟ. ಅಲ್ಲಿಂದ ಹೊರಟ ದಿನವೇ ಸಿಹಿನೀರಿನಿಂದ ಮೆಟ್ಟಿಲು, ಕೀಲು ಎಲ್ಲವನ್ನೂ ಮೆಲ್ಲಗೆ ತೊಳೆಯಿರಿ, ಉಪ್ಪನ್ನು ಬೆಂಗಳೂರಿನವರೆಗೆ ಹೊತ್ತು ತರಬೇಡಿ. ವಾಟರ್ ಸರ್ವಿಸ್ ಮಾಡಿಸುವಾಗ ಪಂಪಿನ ಮೂತಿಯನ್ನು ಮೋಟಾರ್ ಮತ್ತು ಪೆಟ್ಟಿಗೆಯ ಕಡೆ ಹಿಡಿಯಬಾರದೆಂದು ಹುಡುಗರಿಗೆ ಎದುರು ನಿಂತು ಹೇಳಿ. ಆ ಒತ್ತಡಕ್ಕೆ ಸಾಮಾನ್ಯ ರಬ್ಬರ್ ಸೀಲ್ ತಡೆಯುವುದಿಲ್ಲ. ಒಣಗಿದ ಮೇಲೆ ಒಣ ಸ್ಪ್ರೇ. ಗಾಡಿ ಓಡದೆ ನಿಂತ ತಿಂಗಳುಗಳಲ್ಲೂ ವಾರಕ್ಕೊಮ್ಮೆ ಬಾಗಿಲು ತೆರೆದು ಮುಚ್ಚಿ ಮೆಟ್ಟಿಲನ್ನು ಆಡಿಸಿ. ಹೋದ ಮಳೆಗಾಲದಲ್ಲಿ ಅದು ಅಲುಗದೆ ನಿಂತದ್ದರಿಂದಲೇ ಆ ಪಿನ್ ಹಿಡಿದುಕೊಂಡದ್ದು.

ಮತ್ತೆ, ತಾಯಿಯವರಿಗೆ ಮೊಣಕಾಲು ನೋವು ಎಂದಿರಿ. ಬಾಗಿಲಿನ ಒಳಬದಿಯ ಹಿಡಿಕೆ ಚೌಕಟ್ಟಿನ ಕಬ್ಬಿಣಕ್ಕೆ ಬೋಲ್ಟ್ ಆಗಿದೆಯೋ ಪ್ಲೈವುಡ್ಡಿಗೆ ಸ್ಕ್ರೂ ಆಗಿದೆಯೋ ಹೊರಡುವ ಮುನ್ನ ನೋಡಿ. ಪ್ಲೈವುಡ್ಡಿಗಾಗಿದ್ದರೆ ಗಾಡಿ ತನ್ನಿ, ಹಿಂದೆ ಪಟ್ಟಿ ಕೊಟ್ಟು ಬಿಗಿದುಕೊಡುತ್ತೇನೆ.